ಬೆಲೆಯೋ, ಭಿಕ್ಷೆಯೋ? ಒಂದು ಜೊತೆ ಚಪ್ಪಲಿ ಎತ್ತಿದ ಪ್ರಶ್ನೆ



ಕಳೆದ ದೀಪಾವಳಿಗೆ ನಮ್ಮ ದೇವಸ್ಥಾನದ ಬೇಸ್‌ಮೆಂಟಿನಲ್ಲಿ ನಡೆದ ಮೇಳ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಒಂದು ಕಡೆ ಚಕ್ಕುಲಿ, ಕೋಡುಬಳೆ. ಇನ್ನೊಂದು ಕಡೆ ಸೀರೆ, ಹಣತೆ, ಮಕ್ಕಳ ಪುಸ್ತಕಗಳು. ಮೂಲೆಯ ಮೇಜಿನ ಮೇಲೆ ಮೂವತ್ತು ನಲವತ್ತು ಜೊತೆ ಅಥಣಿಯ ಚಪ್ಪಲಿಗಳಿದ್ದವು. ಅಂಗಡಿಗಳಲ್ಲಿ ಕೊಲ್ಹಾಪುರಿ ಎಂದು ಮಾರುತ್ತಾರಲ್ಲ, ಅದೇ ಚಪ್ಪಲಿ. ಬೇಸಿಗೆ ರಜೆಗೆ ಊರಿಗೆ ಹೋಗಿದ್ದ ಮೂರು ಕುಟುಂಬದವರು ಅಲ್ಲಿನ ಹೆಂಗಸರ ಸಂಘವೊಂದರಿಂದ ಕೊಂಡು, ಸೂಟ್‌ಕೇಸಿನಲ್ಲಿ ತುಂಬಿಕೊಂಡು ತಂದದ್ದು. ಜೊತೆಗೆ 45 ಡಾಲರ್ ಎಂದು ಚೀಟಿ ಅಂಟಿಸಿದ್ದೆವು. ಆ ಮೇಜಿನ ಉಸ್ತುವಾರಿ ನನ್ನದು ಮತ್ತು ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳದು.

ಅಂದು ನಮ್ಮ ಮೇಜಿಗೆ ಬಂದವರಲ್ಲಿ ಮೂವರ ವಿಷಯ ಹೇಳಬೇಕು.

ಮೊದಲನೆಯವರು ನನಗೆ ಚೆನ್ನಾಗಿ ಪರಿಚಯದವರೇ. ಚಪ್ಪಲಿ ಎತ್ತಿ, ತಿರುಗಿಸಿ ನೋಡಿ, "ನಲವತ್ತೈದಾ? ನಮ್ಮ ಕಡೆ ಆರುನೂರು ರೂಪಾಯಿಗೆ ಸಿಗುತ್ತೆ ಸಾರ್. ಇಪ್ಪತ್ತು ಡಾಲರಿಗೆ ಕೊಡೋದಾದ್ರೆ ಎರಡು ಜೊತೆ ತಗೋತೀನಿ" ಎಂದರು. ನಾವು ಒಪ್ಪಲಿಲ್ಲ. ನಗುತ್ತಲೇ ಇಟ್ಟು ಹೋದರು.

ಎರಡನೆಯವರು ನಮ್ಮ ಸಮಾಜದ ಎಲ್ಲ ಕೆಲಸಗಳಿಗೂ ಧಾರಾಳವಾಗಿ ಕೊಡುವವರು. ಇದು ಯಾರು ಮಾಡಿದ್ದು ಎಂದು ಕೇಳಿದರು. ದಲಿತ ಸಮುದಾಯದ ಹೆಂಗಸರು, ಸಂಘ ಕಟ್ಟಿಕೊಂಡು ಮಾಡುತ್ತಿದ್ದಾರೆ ಎಂದು ಮಗಳು ವಿವರಿಸಿದಳು. ಅವರ ಮುಖ ಕರಗಿತು. ನೂರು ಡಾಲರಿನ ನೋಟು ತೆಗೆದು ಡಬ್ಬಿಗೆ ಹಾಕಿ, "ಚಪ್ಪಲಿ ಬೇಡಮ್ಮ, ನನ್ನ ಹತ್ತಿರ ಬೇಕಾದಷ್ಟಿವೆ. ಪಾಪ, ಬಡವರಿಗೆ ಸೇರಲಿ" ಎಂದು ಕೈ ಮುಗಿದು ಹೋದರು.

ಮೂರನೆಯವರು ಎಪ್ಪತ್ತರ ಹತ್ತಿರದ ಹಿರಿಯರು. ಬಂದವರೇ ಸಾಕ್ಸ್ ತೆಗೆದು ಮೂರು ಜೊತೆ ಹಾಕಿ ನೋಡಿದರು. "ಈ ಪಟ್ಟಿ ಬಿಗಿಯಾಯ್ತಲ್ಲಮ್ಮ. ಎರಡು ದಿನಕ್ಕೇ ಕಚ್ಚುತ್ತೆ ಇದು." ಎಣ್ಣೆ ಹಚ್ಚಿದರೆ ಸಡಿಲ ಆಗುತ್ತಂತೆ ಆಂಟಿ, ಎಂದಳು ಮಗಳು. "ನನ್ನ ಕಾಲು ಅಗಲ. ಎಣ್ಣೆಗೆಲ್ಲ ಬಗ್ಗಲ್ಲ. ಸದ್ಯಕ್ಕೆ ಈ ದೊಡ್ಡದು ಕೊಡು. ಒಂದು ಪೇಪರೂ ಕೊಡು" ಎಂದು ಹಾಳೆಯ ಮೇಲೆ ನಿಂತು, ಮಗಳ ಕೈಯಲ್ಲಿ ಪಾದದ ಸುತ್ತ ಗೆರೆ ಎಳೆಸಿದರು. "ಮುಂದಿನ ಸಲ ಇದನ್ನ ಅವರಿಗೆ ಕೊಡಿ. ಈ ಅಳತೆಗೆ ಎರಡು ಜೊತೆ ಮಾಡಲಿ. ಬೆರಳಿನ ಕಡೆ ಅಗಲ ಬೇಕು ಅಂತ ಹೇಳಿ." ನಲವತ್ತೈದು ಡಾಲರ್ ಎಣಿಸಿ ಕೊಟ್ಟರು, ಒಂದು ಡಾಲರ್ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ಮಗಳು ಕೇಳಿದಳು: "ಅಪ್ಪಾ, ಈ ಮೂವರಲ್ಲಿ ಸರಿಯಾಗಿ ನಡೆದುಕೊಂಡವರು ಯಾರು?"

ಇದರಲ್ಲಿ ಕೇಳುವುದೇನಿದೆ ಎಂದುಕೊಂಡು, ನೂರು ಡಾಲರ್ ಕೊಟ್ಟವರು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅವರು ಚಪ್ಪಲಿ ಮುಟ್ಟಲೇ ಇಲ್ಲವಲ್ಲ?" ಎಂದಳು.

ಇಲ್ಲಿ ಹುಟ್ಟಿ ಬೆಳೆದ ಹುಡುಗಿ ಸಹಜವಾಗಿ ಆಡಿದ ಮಾತು. ಆ "ಮುಟ್ಟಲೇ ಇಲ್ಲ" ಎಂಬ ಮಾತು ನನ್ನನ್ನು ಮಾತ್ರ ಐವತ್ತು ವರ್ಷ ಹಿಂದಕ್ಕೆ, ಅಥಣಿ ತಾಲೂಕಿನ ನಮ್ಮ ಹಳ್ಳಿಯ ಮನೆಯ ಅಂಗಳಕ್ಕೆ ಎಳೆದುಕೊಂಡು ಹೋಯಿತು.

ನಮ್ಮ ಅಜ್ಜನಿಗೆ ಚಪ್ಪಲಿಯ ಮೇಲೆ ಬಹಳ ಅಭಿಮಾನ. ಅವರು ಓಣಿಯಲ್ಲಿ ಬರುತ್ತಿದ್ದರೆ "ಕರ್ರ್ ಕರ್ರ್" ಸಪ್ಪಳ ಮೊದಲು ಬರುತ್ತಿತ್ತು, ಆಮೇಲೆ ಅಜ್ಜ. ಎರಡು ಮೂರು ವರ್ಷಕ್ಕೊಮ್ಮೆ ಸಮಗಾರರ ಓಣಿಯಿಂದ ಒಬ್ಬರು ಬಂದು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹಾಳೆಯ ಮೇಲೆ ಅಜ್ಜನ ಪಾದದ ಗುರುತು ಹಾಕಿಕೊಳ್ಳುತ್ತಿದ್ದರು. ತಿಂಗಳೊಪ್ಪತ್ತಿಗೆ ಚಪ್ಪಲಿ ತಂದರೆ ಅಜ್ಜ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ, "ಅಂಗಾಲ ಕಡೆ ಬಿಗಿ ಆಗೇದಲ್ಲೋ" ಎನ್ನುವರು. "ನಾಕ ದಿನ ಹಾಕ್ಕೊಂಡು ತಿರಗ್ಯಾಡ್ರಿ ಧಣ್ಯಾರ, ಕಾಲಿನ ಮಾತು ಕೇಳತೈತಿ" ಎನ್ನುವರು ಅವರು. ಸುಗ್ಗಿಯಲ್ಲಿ ರಾಶಿ ಮಾಡಿದಾಗ ಆಯ ಎಂದು ಇಷ್ಟು ಜೋಳ ಅವರ ಪಾಲಿಗೆ ಹೋಗುತ್ತಿತ್ತು. ಅಜ್ಜ ಜಿಪುಣರಲ್ಲ. ಅವರ ಕೆಲಸವನ್ನು ಊರೆಲ್ಲ ಹೊಗಳುತ್ತಿದ್ದರು.

ಆದರೆ ಅವರು ಕಟ್ಟೆ ಹತ್ತುವಂತಿರಲಿಲ್ಲ. ನೀರು ಕೇಳಿದರೆ ಅಜ್ಜಿ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಚಹಾಕ್ಕೆ ಬೇರೆಯೇ ಒಂದು ಕಪ್ಪು. ಅದು ದನದ ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು. ಅವರೇ ತೊಳೆದು ಅಲ್ಲೇ ಇಡಬೇಕು. ಅವರಿಗೆ ಅರವತ್ತು ವರ್ಷ, ನನಗೆ ಏಳು. ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಯಾರೂ ತಿದ್ದಲಿಲ್ಲ. ಅವರ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಜಾತಿಯ ಹೆಸರಿನಿಂದಲೇ ಕರೆಯುತ್ತಿದ್ದರು.

ಅವರ ಕೈಯ ಚಪ್ಪಲಿ ನಮ್ಮ ಕಾಲಿಗೆ ಬೇಕಿತ್ತು, ಆ ಕೈ ಬೇಡವಾಗಿತ್ತು. ಇದನ್ನು ಕಾರಿನಲ್ಲಿ ಮಗಳಿಗೆ ಹೇಳಿದೆ. ಹೇಳುವಾಗ ನಾಚಿಕೆಯಾಯಿತು. ಅವಳು ಕೇಳಿದ್ದು ಒಂದೇ: "ಅವರ ಹೆಸರೇನು ಅಂತ ಈಗಲಾದರೂ ಗೊತ್ತಾ?" ನನ್ನಲ್ಲಿ ಉತ್ತರ ಇರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಶತಮಾನಗಳಿಂದ ಬಾಗಿಲ ಹೊರಗೆ ನಿಂತವರ ಕೈಕೆಲಸಕ್ಕೆ ನಾವು ಕೊಡಬೇಕಾದದ್ದು ಏನು? ದಾನವೇ, ಬೆಲೆಯೇ, ಅಥವಾ ಬೇರೆ ಇನ್ನೇನಾದರೂ ಬಾಕಿ ಇದೆಯೇ?

ಮೊದಲು ಬೆಲೆಯ ಮಾತು. ನಲವತ್ತೈದು ಡಾಲರ್ ಹೆಚ್ಚು ಎನ್ನುವ ಮುನ್ನ ಆ ಚಪ್ಪಲಿ ಹೇಗೆ ಆಗುತ್ತದೆ ಎಂದು ತಿಳಿದಿದ್ದರೆ ಒಳ್ಳೆಯದು. ಸಾಂಪ್ರದಾಯಿಕ ಪದ್ಧತಿಯಲ್ಲಿ ಎಮ್ಮೆಯ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ಚೀಲದಂತೆ ಹೊಲಿದು ತೂಗುಹಾಕುತ್ತಾರೆ. ಅದರೊಳಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸ ತುಂಬುತ್ತಾರೆ. ರಸ ತೊಗಲಿನ ಮೂಲಕ ಜಿನುಗಿ ಅದು ಹದವಾಗಲು ದಿನಗಟ್ಟಲೆ ಬೇಕು. ಹದ ಮಾಡುವ ಕೆಲಸ ಹಿಂದಿನಿಂದಲೂ ಡೋಹರ ಸಮುದಾಯದವರದು, ಚಪ್ಪಲಿ ಮಾಡುವುದು ಸಮಗಾರರದು. ಈಗ ಚರ್ಮೋದ್ಯಮದಲ್ಲಿ ಹೆಚ್ಚಾಗಿ ಬಳಸುವ ಕ್ರೋಮಿಯಂ ಲವಣಗಳು ಇದರಲ್ಲಿಲ್ಲ. ಅಟ್ಟೆಗೆ ಮೊಳೆ ಹೊಡೆಯುವುದಿಲ್ಲ, ಕೈಯಲ್ಲೇ ಹೊಲಿಯುತ್ತಾರೆ. ಸವೆದರೆ ರಿಪೇರಿ ಮಾಡಬಹುದು. ಎಸೆದರೆ ಮಣ್ಣಿಗೆ ಸೇರುತ್ತದೆ. ಪರಿಸರಕ್ಕೆ ಹಿತವಾದ ವಸ್ತು ಎಂದು ಇಂದು ನಾವು ಹೊಸದಾಗಿ ಹುಡುಕುವುದನ್ನು ಅವರು ಯಾವ ಹೆಸರೂ ಇಡದೆ ಮಾಡಿಕೊಂಡು ಬಂದಿದ್ದಾರೆ.

ಇದರಲ್ಲಿ ಹೆಂಗಸರ ಪಾಲು ದೊಡ್ಡದು. ಗಂಡಸರು ಸಾಮಾನ್ಯವಾಗಿ ತೊಗಲು ಕತ್ತರಿಸಿ ಅಟ್ಟೆ ಕೂಡಿಸಿದರೆ, ಮೇಲಿನ ಪಟ್ಟಿ, ಜಡೆಯಂತೆ ಹೆಣೆದ ಸಣ್ಣ ಎಳೆ, ಹೊಲಿಗೆ, ಅಲಂಕಾರ ಎಲ್ಲ ಬಹುಮಟ್ಟಿಗೆ ಹೆಂಗಸರ ಕೈಯದು. ಅಡಿಗೆ, ನೀರು, ಮಕ್ಕಳ ನಡುವೆ ಮಾಡಿದ ಈ ಕೆಲಸಕ್ಕೆ ಪ್ರತ್ಯೇಕ ಕೂಲಿ ಎಂಬುದಿರಲಿಲ್ಲ. ಅದು ಮನೆಗೆಲಸದ ಲೆಕ್ಕದಲ್ಲೇ ಹೋಗುತ್ತಿತ್ತು. ತೊಗಲು ಕೊಳ್ಳಲು ವ್ಯಾಪಾರಿಯ ಹತ್ತಿರ ಸಾಲ, ಸಾಲ ತೀರಿಸಲು ಅವನು ಹೇಳಿದ ದರಕ್ಕೇ ಮಾಲು. ಅಥಣಿ, ನಿಪ್ಪಾಣಿ ಕಡೆ ತಯಾರಾದದ್ದು ಮಾರುಕಟ್ಟೆಯ ಊರಾದ ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾಗುತ್ತಿತ್ತು.

ಇದನ್ನು ಬದಲಿಸಲು ಪ್ರಯತ್ನಗಳು ನಡೆದಿವೆ. 1990ರ ದಶಕದ ಕೊನೆಯಲ್ಲಿ ಮಧುರಾ ಛತ್ರಪತಿ ಅವರ ಸಂಸ್ಥೆ ಅಥಣಿಯ ಸಮಗಾರ ಕುಟುಂಬಗಳ ಹೆಂಗಸರ ಸ್ವಸಹಾಯ ಗುಂಪುಗಳ ಜೊತೆ ಕೆಲಸ ಶುರುಮಾಡಿತು. ಅದರಿಂದ "ಟೋಹೋಲ್ಡ್" ಎಂಬ ಹೆಸರಿನಲ್ಲಿ ಚಪ್ಪಲಿಗಳು ಪರದೇಶಗಳಿಗೆ ಹೋದವು. ಅಲ್ಲಿಯವರೆಗೆ ಸಂಬಳವಿಲ್ಲದ ಸಹಾಯಕಿಯರಾಗಿದ್ದವರು ತಮ್ಮ ಹೆಸರಿನಲ್ಲೇ ಹಣ ಪಡೆಯುವಂತಾಯಿತು. ಇದರಲ್ಲಿ ಮುಖ್ಯವಾದದ್ದು ಹಣ ಎಷ್ಟು ಬಂತು ಎಂಬುದಷ್ಟೇ ಅಲ್ಲ, ಅದು ಯಾರ ಕೈಗೆ ಬಂತು, ಬೆಲೆ ನಿಗದಿ ಮಾಡುವಾಗ ಯಾರು ಮಾತಾಡಿದರು ಎಂಬುದು. ಕೂಲಿ ಹೆಚ್ಚಾದರೆ ಹೊಟ್ಟೆ ತುಂಬುತ್ತದೆ ನಿಜ. ಬೆಲೆ ಹೇಳುವ ಹಕ್ಕು ಬಂದರೆ ಬೆನ್ನು ನೆಟ್ಟಗಾಗುತ್ತದೆ.

ಒಂದು ದೊಡ್ಡ ಸುದ್ದಿಯನ್ನೂ ಇಲ್ಲಿ ನೆನೆಯಬೇಕು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಥೇಟ್ ಕೊಲ್ಹಾಪುರಿಯಂತಹ ಚಪ್ಪಲಿಗಳನ್ನು ತೋರಿಸಿತು. ಅವು ಎಲ್ಲಿಂದ ಬಂದ ಮಾದರಿ ಎಂದು ಮೊದಲಿಗೆ ಹೇಳಲಿಲ್ಲ. ಭಾರತದಲ್ಲಿ ಗಲಾಟೆಯಾಯಿತು. ಕೊಲ್ಹಾಪುರಿಗೆ 2019ರ ಹೊತ್ತಿಗೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತ್ತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಹೇಗೋ ಹಾಗೆಯೇ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಆ ಹೆಸರಿನ ಮೇಲೆ ಹಕ್ಕಿದೆ. ಕಂಪನಿ ಆಮೇಲೆ ಮೂಲವನ್ನು ಒಪ್ಪಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಸುಮಾರು 2,000 ಜೊತೆಗಳನ್ನು ಅಲ್ಲಿನ ಕುಶಲಕರ್ಮಿಗಳಿಂದಲೇ ಮಾಡಿಸಿ, ಜೊತೆಗೆ ಸುಮಾರು 800 ಯೂರೋ ದರದಲ್ಲಿ ಮಾರುವುದಾಗಿ ಘೋಷಿಸಿತು.

ಆಗ ನಮ್ಮವರೆಲ್ಲ ಬಹಳ ಸಿಟ್ಟಾದೆವು. ವಾಟ್ಸ್ಯಾಪಿನಲ್ಲಿ ನಾನೂ ನಾಲ್ಕು ಮಾತು ಬರೆದೆ: ನಮ್ಮ ಕಲೆಯನ್ನು ಕದ್ದರು ಎಂದು. ಈಗ ಯೋಚಿಸಿದರೆ, ಆ "ನಮ್ಮ" ಎಂಬ ಮಾತು ನನ್ನ ಬಾಯಲ್ಲಿ ಎಷ್ಟು ಸುಲಭವಾಗಿ ಬಂತು! ಯಾವ ಕೈಯನ್ನು ಕಟ್ಟೆ ಹತ್ತಲು ಬಿಡಲಿಲ್ಲವೋ ಆ ಕೈಯ ಕೆಲಸ ಮಿಲಾನಿಗೆ ಹೋದ ದಿನ "ನಮ್ಮ ಪರಂಪರೆ"ಯಾಯಿತು. ಪರದೇಶದ ಕಂಪನಿ ಹೆಸರು ಹೇಳದೆ ಬಿಟ್ಟದ್ದು ತಪ್ಪೇ. ಆದರೆ ಅಂಗಳಕ್ಕೆ ಬರುತ್ತಿದ್ದವರ ಹೆಸರು ಕೇಳದೆ ಬೆಳೆದ ನಾನು ಆ ತಪ್ಪನ್ನು ಎತ್ತಿ ತೋರಿಸುವ ಮುನ್ನ ನನ್ನ ಮನೆಯ ಲೆಕ್ಕವನ್ನೂ ನೋಡಿಕೊಳ್ಳಬೇಡವೇ?

ಇನ್ನು ದಾನದ ಮಾತಿಗೆ ಬರೋಣ. ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಶರಣರು ಅವರು. ದಾರಿಯಲ್ಲಿ ಬಸವಣ್ಣನವರನ್ನು ಕಂಡು "ಶರಣು" ಎಂದರು. ಬಸವಣ್ಣನವರು "ಶರಣು ಶರಣಾರ್ಥಿ" ಎಂದು ಮರುವಂದನೆ ಮಾಡಿದರು. ತಾನು ಒಂದು ಶರಣು ಕೊಟ್ಟರೆ ತನಗೆ ಹೆಚ್ಚಿಗೆ ಬಂತಲ್ಲ, ಈ ಭಾರ ಹೇಗೆ ಇಳಿಸಲಿ ಎಂದು ಹರಳಯ್ಯನವರು ಚಡಪಡಿಸಿದರು. ಕೊನೆಗೆ ತಮ್ಮ ಮತ್ತು ಹೆಂಡತಿ ಕಲ್ಯಾಣಮ್ಮನವರ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಒಪ್ಪಿಸಿದರು. ಬಸವಣ್ಣನವರು ಅವನ್ನು ಕಾಲಿಗೆ ತೊಡಲಿಲ್ಲ, ತಲೆಯ ಮೇಲೆ ಹೊತ್ತರು ಎನ್ನುತ್ತದೆ ಕಥೆ.

ಚಿಕ್ಕಂದಿನಿಂದ ಇದನ್ನು ಭಕ್ತಿಯ ಕಥೆಯೆಂದೇ ಕೇಳಿದ್ದೇನೆ. ಆ ರಾತ್ರಿ ಮಲಗಿ ಯೋಚಿಸುವಾಗ ಇನ್ನೊಂದು ಅರ್ಥವೂ ಕಂಡಿತು. ಹರಳಯ್ಯನವರು ಒಂದು ಶರಣನ್ನು ಕೂಡ ಸುಮ್ಮನೆ ಇಟ್ಟುಕೊಳ್ಳಲಾರದ ಸ್ವಾಭಿಮಾನಿ. ಗೌರವ ಬಂದರೂ ಅದಕ್ಕೆ ತಮ್ಮ ಕೈಕೆಲಸದಿಂದಲೇ ಉತ್ತರ ಕೊಡಬೇಕೆಂದವರು. ಅಂತಹವರ ಮುಂದೆ ನಾವು ನೂರು ಡಾಲರ್ ಇಟ್ಟು, ನಿಮ್ಮ ಚಪ್ಪಲಿ ಮಾತ್ರ ಬೇಡ ಎಂದರೆ? ಅವರ ಉತ್ತರಕ್ಕೆ ಜಾಗವನ್ನೇ ಕೊಡಲಿಲ್ಲ ಎಂದಾಯಿತು. ಕೊಟ್ಟವರು ಮೇಲೆ, ತೆಗೆದುಕೊಂಡವರು ಕೆಳಗೆ. ಬೊಗಸೆಗೆ ಮೇಲಿನಿಂದ ನೀರು ಹೊಯ್ದಂತೆಯೇ ಅಲ್ಲವೇ?

ಆಯ್ದಕ್ಕಿ ಲಕ್ಕಮ್ಮನವರನ್ನೂ ನೆನೆಸಿಕೊಳ್ಳಿ. ಗಂಡ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ವಾಪಸು ಮಾಡಿಸಿದರು. ಅಷ್ಟು ಬಡತನದಲ್ಲೂ ಆ ದಂಪತಿಗಳು ಶರಣರಿಗೆ ಊಟ ಹಾಕಿದರು. ಕಾಯಕದ ಜೊತೆಗೆ ದಾಸೋಹ ಇರುವುದು ಇದಕ್ಕೇ. ದುಡಿಯುವವನಿಗೆ ಉಣ್ಣುವ ಹಕ್ಕಿನಂತೆ ಉಣಿಸುವ ಹಕ್ಕೂ ಇದೆ. ನಾವು ಬೆಲೆ ಮುರಿದಾಗ ಅವರ ಲಾಭ ಮಾತ್ರ ಕಡಿಮೆಯಾಗುವುದಿಲ್ಲ, ಕೊಡುವ ಸುಖವೂ ಅವರ ಕೈಯಿಂದ ಹೋಗುತ್ತದೆ. ಹಾಗೆ ಉಳಿಸಿದ ದುಡ್ಡಿನಲ್ಲಿ ನಾವು ಆಮೇಲೆ ದಾನ ಮಾಡಿ ಪುಣ್ಯವನ್ನೂ ನಮ್ಮ ಹೆಸರಿಗೇ ಬರೆಸಿಕೊಳ್ಳುತ್ತೇವೆ!

ದಾನ ತಪ್ಪು ಎನ್ನುತ್ತಿಲ್ಲ. ನೆರೆ ಬಂದಾಗ, ಕಾಯಿಲೆ ಬಿದ್ದಾಗ, ಮಕ್ಕಳ ಓದಿಗೆ ಹಣ ಬೇಕಾದಾಗ ದಾನವೇ ಧರ್ಮ. ಆದರೆ ಎಲ್ಲಿ ದುಡಿಮೆಯಿದೆಯೋ ಅಲ್ಲಿ ಮೊದಲು ಸಲ್ಲಬೇಕಾದದ್ದು ಬೆಲೆ. ಕರುಣೆಗೆ ಇನ್ನೊಂದು ಸಮಸ್ಯೆಯೂ ಇದೆ. ಅದು ಹಬ್ಬಕ್ಕೆ ಬಂದು ಹಬ್ಬ ಮುಗಿದ ಮೇಲೆ ಹೋಗುತ್ತದೆ. ಕೈಕೆಲಸದವರಿಗೆ ತಿಂಗಳು ತಿಂಗಳೂ ಆರ್ಡರ್ ಬೇಕು. ಸಾಗರದ ಹತ್ತಿರ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಹಳ್ಳಿಯ ಹೆಂಗಸರು ಕಟ್ಟಿದ "ಚರಕ" ಸಂಸ್ಥೆಯ ಕೈಮಗ್ಗದ ಬಟ್ಟೆಗೆ ನಾಡಿನಲ್ಲಿ ಒಳ್ಳೆಯ ಹೆಸರಿತ್ತು. ಆದರೂ 2020ರ ಕೋವಿಡ್ ವರ್ಷದಲ್ಲಿ ಅದು ತೀವ್ರ ಹಣದ ಬಿಕ್ಕಟ್ಟಿಗೆ ಸಿಕ್ಕಿತು. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಉದ್ಯಮ ಬದುಕುವುದಿಲ್ಲ. ಮಾಡಿದ್ದು ಮಾರಾಟವಾಗಬೇಕು, ದುಡ್ಡು ಹೊತ್ತಿಗೆ ಸರಿಯಾಗಿ ಬರಬೇಕು.

ಹಾಗಾದರೆ ಆ ಮೂರನೆಯ ಹಿರಿಯರು ಮಾಡಿದ್ದೇನು? ಚಪ್ಪಲಿ ಕಚ್ಚುತ್ತದೆ ಎಂದು ದೂರಿದರು. ಯಾರ ಕೆಲಸದ ಮೇಲೆ ನಮಗೆ ನಂಬಿಕೆಯಿದೆಯೋ ಅವರ ಹತ್ತಿರ ಮಾತ್ರ ನಾವು ದೂರು ಹೇಳುತ್ತೇವೆ. "ಪಾಪ" ಎಂದುಕೊಂಡವರ ಹತ್ತಿರ ಹೇಳುವುದಿಲ್ಲ, ಸುಮ್ಮನೆ ಕೊಂಡು ಮೂಲೆಗೆ ಹಾಕುತ್ತೇವೆ. ಅವರು ಅಳತೆ ಕೊಟ್ಟರು, ಮತ್ತೆ ಬೇಕು ಎಂದರು, ಕೇಳಿದ ಬೆಲೆ ಕೊಟ್ಟರು, ಹಾಕಿಕೊಂಡು ಓಡಾಡಿದರು. ಈ ವಸಂತದಲ್ಲಿ ಸಿಕ್ಕಾಗ, "ಎಡಗಾಲಿಂದು ಹೊಲಿಗೆ ಬಿಟ್ಟಿದೆ, ಅವರಿಗೆ ತಿಳಿಸಿ" ಎಂದು ಮತ್ತೆ ದೂರಿದರು! ಮೂವರಲ್ಲಿ ಚಪ್ಪಲಿ ಮಾಡಿದವರನ್ನು ತಮ್ಮಷ್ಟೇ ದೊಡ್ಡವರು ಎಂದು ನಡೆಸಿಕೊಂಡವರು ಇವರೇ ಎಂದು ಈಗ ಅನ್ನಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನ ಚೊಕ್ಕವಾಗಿ ಮುಗಿಯುತ್ತಿತ್ತು. ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ.

ಒಂದು, ಅಹಿಂಸೆಯದು. ಚರ್ಮದ ವಸ್ತುವನ್ನು ದೇವಸ್ಥಾನದಲ್ಲಿ ಮಾರುವುದು ಸರಿಯೇ ಎಂದು ಕೆಲವರು ಕೇಳಿದರು. ಚರ್ಮವನ್ನೇ ಬಳಸದೆ ಬದುಕುವ ನೇಮ ಇಟ್ಟುಕೊಂಡವರಿದ್ದಾರೆ. ಅವರ ನೇಮಕ್ಕೆ ನನ್ನ ನಮಸ್ಕಾರ. ಅವರು ಚಪ್ಪಲಿ ಕೊಳ್ಳಬೇಕಿಲ್ಲ. ಆದರೆ ಗರ್ಭಗುಡಿಯ ಮುಂದೆ ನುಡಿಯುವ ಮೃದಂಗಕ್ಕೂ ಚರ್ಮದ ಹೊದಿಕೆಯೇ ಇರುವುದು. ಅದನ್ನು ಹದ ಮಾಡಿ ಬಿಗಿದ ಕೈಗಳೂ ಹೆಚ್ಚಾಗಿ ಇಂತಹ ಓಣಿಗಳವೇ. ನಾದ ಒಳಗೆ ಬರಬಹುದು, ಕೈ ಹೊರಗಿರಬೇಕು ಎಂದರೆ ಅದು ಅಹಿಂಸೆಯಲ್ಲ. ಮಹಾಭಾರತದ ವನಪರ್ವದಲ್ಲಿ ತಪಸ್ಸಿನ ಗರ್ವದಲ್ಲಿದ್ದ ಕೌಶಿಕನೆಂಬ ಬ್ರಾಹ್ಮಣ ಧರ್ಮ ಕಲಿಯಲು ಹೋದದ್ದು ಮಿಥಿಲೆಯ ಮಾಂಸದಂಗಡಿಗೆ. ಅಲ್ಲಿದ್ದ ಧರ್ಮವ್ಯಾಧ ಅವನಿಗೆ ಗುರುವಾದ. ಪ್ರಾಣಿಯ ಮೇಲಿನ ದಯೆ ಮನುಷ್ಯರ ಮೇಲಿನ ಅಸಹ್ಯವಾಗಬಾರದು ಎಂಬುದನ್ನು ನಮ್ಮ ಹಿರಿಯರು ಕಥೆ ಮಾಡಿಯೇ ಹೇಳಿಟ್ಟಿದ್ದಾರೆ.

ಎರಡನೆಯದು ಇನ್ನೂ ಕಷ್ಟದ ಪ್ರಶ್ನೆ. ಈ ಕಲೆ ಉಳಿಯಬೇಕು ಎನ್ನುತ್ತೇವಲ್ಲ, ಯಾರ ಮಕ್ಕಳು ಉಳಿಸಬೇಕು? ನಮ್ಮ ಮಕ್ಕಳು ಕಂಪ್ಯೂಟರ್, ಮೆಡಿಸಿನ್ ಓದಲಿ, ಅವರ ಮಕ್ಕಳು ಪರಂಪರೆ ಕಾಯಲಿ ಎಂದರೆ ಅದು ಹಳೆಯ ಜಾತಿಕಟ್ಟಿಗೆ ಹೊಸ ಬಣ್ಣ ಬಳಿದಂತೆ. ಹುಟ್ಟಿನಿಂದ ಅಂಟಿಸಿದ, ಅವಮಾನದ ಕೆಲಸಗಳನ್ನು ಬಿಟ್ಟು ಹೊರಬನ್ನಿ ಎಂದು ಡಾ. ಅಂಬೇಡ್ಕರ್ ತಮ್ಮ ಜನರಿಗೆ ಕರೆ ಕೊಟ್ಟದ್ದು ಸುಮ್ಮನೆ ಅಲ್ಲ. ಹಾಗಾಗಿ ಇಂತಹ ಉದ್ಯಮವನ್ನು ಅಳೆಯಲು ನನಗೆ ತೋಚಿದ ಅಳತೆಗೋಲು ಇದು: ಅಲ್ಲಿ ದುಡಿಯುವ ತಾಯಿಯ ಮಗಳಿಗೆ ಬೇರೆ ಕೆಲಸಕ್ಕೆ ಹೋಗುವ ದಾರಿ ತೆರೆದಿದೆಯೇ? ಉಳಿದರೆ ಇಷ್ಟಪಟ್ಟು ಉಳಿಯುತ್ತಾಳೆಯೇ? ಬೇರೆ ಜಾತಿಯ ಹುಡುಗ ಬಂದು, ನನಗೂ ಕಲಿಸಿ ಎಂದು ಅವಳ ಪಕ್ಕದಲ್ಲಿ ಕೂರಬಲ್ಲನೇ? ಮೂರಕ್ಕೂ ಹೌದು ಎಂದಾದರೆ ಅದು ಕಾಯಕ. ಇಲ್ಲವಾದರೆ ಚೆಂದದ ಪೆಟ್ಟಿಗೆಯಲ್ಲಿಟ್ಟ ಹಳೆಯ ಬಂಧನ.

ಹರಳಯ್ಯನವರ ಕಥೆ ಕೂಡ ಪಾದರಕ್ಷೆಯೊಂದಿಗೆ ಮುಗಿಯುವುದಿಲ್ಲ. ಅವರ ಮಗನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸರ ಮಗಳಿಗೂ ಮದುವೆಯಾಯಿತು. ಆಗ ಕಲ್ಯಾಣ ಹೊತ್ತಿಕೊಂಡಿತು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಬೀದಿಯಲ್ಲಿ ಶರಣು ಹೇಳಿದ್ದನ್ನು ಆ ಸಮಾಜ ಹೇಗೋ ಸಹಿಸಿತು, ಬೀಗರಾದದ್ದನ್ನು ಸಹಿಸಲಿಲ್ಲ. ವಿಮಾನ ಹತ್ತುವಾಗ ಜಾತಿಯನ್ನು ಅಲ್ಲೇ ಬಿಟ್ಟು ಬಂದೆವು ಎಂದು ನಾವು ಹೇಳಿಕೊಳ್ಳುತ್ತೇವೆ. ಮಕ್ಕಳ ಮದುವೆಯ ಮಾತು ಬಂದಾಗ ನಮ್ಮ ನಮ್ಮ ಮನೆಗಳಲ್ಲಿ ಏನು ಕೇಳುತ್ತೇವೆ ಎಂಬುದು ನಮಗೇ ಗೊತ್ತು. ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಬೆಲೆ ಕೊಟ್ಟರೆ ವ್ಯಾಪಾರದ ಲೆಕ್ಕ ಚುಕ್ತಾ ಆಗಬಹುದು. ಕಟ್ಟೆಯ ಲೆಕ್ಕ ಅಷ್ಟಕ್ಕೇ ತೀರುವುದಿಲ್ಲ.

ಮುಂದಿನ ಮೇಳಕ್ಕೆ ಸಮಿತಿಯ ಮುಂದೆ ನಾನು ಕೆಲವು ಸಲಹೆಗಳನ್ನು ಇಟ್ಟಿದ್ದೇನೆ. ಚಪ್ಪಲಿಗಳನ್ನು ತಂದು ಮಾರುವ ಬದಲು ಬೇಕಾದವರಿಂದ ಮೊದಲೇ ಪಾದದ ಅಳತೆ ತೆಗೆದುಕೊಂಡು ಆರ್ಡರ್ ಕೊಡೋಣ. ಅರ್ಧ ಹಣ ಮುಂಗಡ ಕಳಿಸೋಣ, ಆಗ ತೊಗಲಿಗಾಗಿ ಅವರು ಸಾಲ ಮಾಡಬೇಕಿಲ್ಲ. ಬೆಲೆಯನ್ನು ಅವರೇ ಹೇಳಲಿ. ಮಾಡಿದವರು ಒಪ್ಪಿದರೆ ಅವರ ಹೆಸರು ಚೀಟಿಯ ಮೇಲಿರಲಿ. ದಾನ ಕೊಡಬೇಕೆನ್ನುವವರಿಗೆ ಬೇರೆ ಡಬ್ಬಿ ಇಡೋಣ, ಚಪ್ಪಲಿಯ ಮೇಜಿನ ಮೇಲೆ ಬೇಡ. ಇವು ಸಣ್ಣ ಸಂಗತಿಗಳೇ. ಆದರೆ ಅಜ್ಜನ ಅಂಗಳದಲ್ಲಿ ಆಗದೆ ಹೋದದ್ದರಲ್ಲಿ ಸ್ವಲ್ಪವಾದರೂ ಇಲ್ಲಿ ಆಗಬಹುದು.

ಮಗಳ ಪ್ರಶ್ನೆಗೆ ಉತ್ತರ ಹುಡುಕಿ ಊರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಅವನಿಗೂ ಹೆಸರು ಗೊತ್ತಿರಲಿಲ್ಲ. ನಾಲ್ಕು ದಿನ ವಿಚಾರಿಸಿ ಹೇಳಿದ. ಈಗ ನನಗೆ ಅವರ ಹೆಸರು ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ, ಅವರ ಮನೆಯವರನ್ನು ಕೇಳದೆ ಬರೆಯುವ ಹಕ್ಕು ನನಗಿಲ್ಲ. ಅವರ ಮೊಮ್ಮಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಂತೆ. ಚಪ್ಪಲಿ ಹೊಲಿಯಲು ಬರುವುದಿಲ್ಲವಂತೆ. ಕೇಳಿ ಸಂತೋಷವಾಯಿತು. ಆ ಕೈಯ ಹದ ಅವರೊಂದಿಗೇ ಹೋಯಿತಲ್ಲ ಎಂದು ಸ್ವಲ್ಪ ಬೇಸರವೂ ಆಯಿತು. ಬೇಸರಪಡುವ ಅಧಿಕಾರ ನನಗೆಲ್ಲಿದೆ ಎಂದು ಆಮೇಲೆ ಅನ್ನಿಸಿತು. ಮುಂದಿನ ಸಲ ಊರಿಗೆ ಹೋದಾಗ ಆ ಮೇಷ್ಟ್ರ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿದು ಬರಬೇಕು ಎಂದುಕೊಂಡಿದ್ದೇನೆ. ಅವರು ಒಳಗೆ ಕರೆದರೆ.

ಭಾನುವಾರ ದೇವಸ್ಥಾನಕ್ಕೆ ಬಂದಾಗ ಚಪ್ಪಲಿ ಬಿಡುವ ಜಾಗದಲ್ಲಿ ಒಂದು ನಿಮಿಷ ನಿಂತು ನೋಡಿ. ಸ್ನೋ ಬೂಟು, ಸ್ನೀಕರು, ಮಕ್ಕಳ ದೀಪ ಮಿನುಗುವ ಶೂಗಳ ನಡುವೆ ಒಂದೆರಡು ಜೊತೆ ಅಥಣಿ ಚಪ್ಪಲಿಗಳೂ ಇರುತ್ತವೆ. ಚಪ್ಪಲಿ ಬಾಗಿಲ ಹೊರಗೇ ಇರಲಿ, ಅದು ಇರಬೇಕಾದ ಜಾಗ ಅದೇ. ಅದನ್ನು ಮಾಡಿದವರ ಜಾಗ ಯಾವುದು ಎಂಬುದಷ್ಟೇ ನಾವು ಒಳಗೆ ಕಾಲಿಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ.